ಬೀಟೆಯ ಮೇಜು, ಹೊರನಾಡಿನ ಪೇಟೆ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರಿನ ಬೀಟೆಯ ಮೇಜು ಪರದೇಶಕ್ಕೆ ಹೊರಟರೆ ನಮಗೆಲ್ಲ ಹೆಮ್ಮೆ. ಬ್ಯಾಂಕಿನ ಗುಮಾಸ್ತನಾದ ನನಗೆ ಮಾತ್ರ ಮೇಜಿಗಿಂತ ಮೊದಲು ಅದರ ಕಾಗದವೇ ಕಾಣುವುದು!

ದಂತದ ವ್ಯಾಪಾರವನ್ನು ನಿಲ್ಲಿಸಲು 1989ರಲ್ಲಿ ರಾಷ್ಟ್ರಗಳು ಒಪ್ಪಿದವು. ನಮ್ಮ ಕುಶಲಿಗಳು ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ತಾರವನ್ನು ಉಳಿಸಿಕೊಂಡರು. 2017ರಿಂದ ಸೈಟಿಸ್ ಒಪ್ಪಂದದ ಕಟ್ಟಳೆ ಬೀಟೆಗೇ ಬಂದಿದೆ. ಇದು ನಿಷೇಧವಲ್ಲ, ಒಂದೊಂದು ವಸ್ತುವಿನಲ್ಲಿ ಬೀಟೆಯ ತೂಕ 10 ಕಿಲೋ ದಾಟಿದರೆ, ಮರವನ್ನು ನ್ಯಾಯವಾಗಿ ಪಡೆದುದೆಂಬುದಕ್ಕೆ ಪ್ರಮಾಣಪತ್ರ ಬೇಕು. ಗೋಡೆಯ ಪಟ ಸುಲಭವಾಗಿ ಹೋದೀತು, ಊಟದ ಮೇಜು ಹೋಗದು. ದೊಡ್ಡ ಕಾರ್ಖಾನೆಗೆ ಕಾಗದ ನೋಡುವವರುಂಟು. ಅಪ್ಪಮಕ್ಕಳೇ ದುಡಿಯುವ ಕೆಲಸದ ಮನೆಗೆ ಯಾರು? ಊರಿಗೆ ಹೋದಾಗ ಅಂಥವರಿಗೆ ಒಂದು ಮಾತು ಹೇಳಿರಿ: ಮರ ಕೊಂಡ ರಸೀದಿಯನ್ನು ಉಳಿಯಷ್ಟೇ ಜೋಪಾನವಾಗಿಡಲಿ.