ಐದು ಹುಡುಗರು, ಒಂದು ಹಾಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಗೀತದ ಬಗ್ಗೆ ನಾಲ್ಕು ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಊಟದ ಹೊತ್ತಾಗಿದೆ, ಹಾಗಾಗಿ ದೊಡ್ಡ ವಿದ್ವಾಂಸರ ಸುದ್ದಿಗೆ ಹೋಗುವುದಿಲ್ಲ. ಈ ಮಕ್ಕಳ ವಯಸ್ಸಿನದೇ ಐದು ಶಾಲಾ ಹುಡುಗರ ಕಥೆ ಹೇಳುತ್ತೇನೆ.

1950ರ ದಶಕದ ನ್ಯೂಯಾರ್ಕ್. ಅಲ್ಲಿನ ಬಡವರ ಕೇರಿಗಳಲ್ಲಿ ಸಂಜೆಯಾದರೆ ಹುಡುಗರು ಬೀದಿ ಮೂಲೆಯಲ್ಲಿ ನಿಂತು ಹಾಡುತ್ತಿದ್ದರು. ವಾದ್ಯ ಕೊಳ್ಳಲು ದುಡ್ಡಿಲ್ಲ, ಗಂಟಲೇ ವಾದ್ಯ. ಒಬ್ಬ ಸಾಹಿತ್ಯ ಹಾಡುತ್ತಾನೆ, ಒಬ್ಬ ತೀರಾ ಕೆಳದನಿಯಲ್ಲಿ ಲಯ ಹಿಡಿಯುತ್ತಾನೆ, ಉಳಿದವರು ‘ಡೂ-ವಾಪ್’ ಎಂಬಂಥ ಅರ್ಥವಿಲ್ಲದ ಸೊಲ್ಲುಗಳಿಂದ ಹಿಮ್ಮೇಳ ಕೊಡುತ್ತಾರೆ. ನಮ್ಮಲ್ಲಿ ಮೃದಂಗದ ಸೊಲ್ಲನ್ನು ಬಾಯಲ್ಲೇ ಹೇಳುವುದಿಲ್ಲವೇ? ಕೇಳಲು ಬೇರೆಯೇ, ಆದರೆ ಬಾಯನ್ನೇ ವಾದ್ಯ ಮಾಡಿಕೊಳ್ಳುವ ಉಪಾಯ ಒಂದೇ. ದನಿ ಚೆನ್ನಾಗಿ ಮೊಳಗುತ್ತದೆಂದು ಕಟ್ಟಡಗಳ ಮೆಟ್ಟಿಲ ಬಳಿ ಅಭ್ಯಾಸ ಮಾಡುತ್ತಿದ್ದರು. ಡೂ-ವಾಪ್ ಎಂಬ ಹೆಸರು ಈ ಸಂಗೀತಕ್ಕೆ ಅಂಟಿದ್ದು ಆಮೇಲೆ.

ಮ್ಯಾನ್‌ಹಟನ್‌ನ ಎಡ್ವರ್ಡ್ ಸ್ಟಿಟ್ ಜೂನಿಯರ್ ಹೈಸ್ಕೂಲಿನಲ್ಲಿ ಶೆರ್ಮನ್ ಗಾರ್ನ್ಸ್, ಜಿಮ್ಮಿ ಮರ್ಚಂಟ್ ಎಂಬ ಕಪ್ಪು ಹುಡುಗರಿಬ್ಬರು ಹೀಗೆ ಹಾಡುತ್ತಿದ್ದರು. ಅವರ ಜೊತೆ ಪೋರ್ಟೊರಿಕೊ ಮೂಲದ ಹರ್ಮನ್ ಸಾಂಟಿಯಾಗೊ, ಜೋ ನೆಗ್ರೋನಿ ಸೇರಿದರು. ಬಣ್ಣ ನೋಡಿ ಜನರನ್ನು ದೂರವಿಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕೊನೆಗೆ ಬಂದವನು ಫ್ರ್ಯಾಂಕಿ ಲೈಮನ್. ಎಲ್ಲರಿಗಿಂತ ಕಿರಿಯ, ದಿನಸಿ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗ. ತಂಡದ ಹೆಸರು ಎರಡು ಮೂರು ಸಲ ಬದಲಾಗಿ ‘ಟೀನೇಜರ್ಸ್’ ಎಂದು ನಿಂತಿತು.

ರಿಚರ್ಡ್ ಬ್ಯಾರೆಟ್ ಎಂಬ ಗಾಯಕ ಇವರನ್ನು ಕೇಳಿ ಮೆಚ್ಚಿ, ಜಾರ್ಜ್ ಗೋಲ್ಡ್‌ನರ್ ಎಂಬ ರೆಕಾರ್ಡ್ ಕಂಪನಿಯವರ ಬಳಿ ಕರೆದೊಯ್ದ. 1956ರ ಜನವರಿಯಲ್ಲಿ ‘ವೈ ಡು ಫೂಲ್ಸ್ ಫಾಲ್ ಇನ್ ಲವ್’ ಹೊರಬಂತು. ಫ್ರ್ಯಾಂಕಿಗೆ ಆಗ 13 ವರ್ಷ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೆಯ ಸ್ಥಾನ, ಬ್ರಿಟನ್ನಿನಲ್ಲಿ ಮೊದಲ ಸ್ಥಾನ!

ಇನ್ನು ಹೇಳಬೇಕಾದದ್ದು ಕಷ್ಟದ ಭಾಗ. ಆ ರೆಕಾರ್ಡಿನ ಮೊದಲ ಪ್ರತಿಗಳಲ್ಲಿ ಹಾಡು ಬರೆದವರೆಂದು ಫ್ರ್ಯಾಂಕಿ, ಹರ್ಮನ್ ಜೊತೆ ಗೋಲ್ಡ್‌ನರ್ ಹೆಸರೂ ಇತ್ತು. ಆಮೇಲೆ ಹರ್ಮನ್ ಹೆಸರು ಮಾಯವಾಯಿತು. ಮುಂದೆ ಗೋಲ್ಡ್‌ನರ್ ಜಾಗಕ್ಕೆ ಮಾರಿಸ್ ಲೆವಿ ಎಂಬ ಇನ್ನೊಬ್ಬ ವ್ಯಾಪಾರಿ ಬಂದ. ಜಿಮ್ಮಿಯ ಹೆಸರಂತೂ ಇರಲೇ ಇಲ್ಲ. ಹಾಡು ಮಾರಾಟವಾದಾಗಲೆಲ್ಲ ಬರೆದವರಿಗೆ ಸಲ್ಲುವ ಹಣ ಹೆಸರಿದ್ದವರಿಗೇ ಹೋಗುತ್ತದೆ. 1992ರಲ್ಲಿ ನ್ಯಾಯಾಲಯದ ತೀರ್ಪುಗಾರರ ಮಂಡಳಿ ಹರ್ಮನ್ ಮತ್ತು ಜಿಮ್ಮಿ ಸಹ ಹಾಡನ್ನು ಬರೆದವರೆಂದು ಒಪ್ಪಿತು. 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ದಾವೆ ಹೂಡಲು ಇದ್ದ ಅವಧಿ ಬರೀ ಮೂರು ವರ್ಷ, ಅದು ಎಂದೋ ಮುಗಿದಿತ್ತು! ಕಾನೂನು ಓದಿದವರು ಸರಿ ಎನ್ನಬಹುದು. 15ರ ಹುಡುಗನಿಗೆ ಯಾವ ವಕೀಲ ಗೊತ್ತಿರುತ್ತಾನೆ ಸ್ವಾಮಿ?

ಫ್ರ್ಯಾಂಕಿ 1957ರಲ್ಲೇ ತಂಡ ಬಿಟ್ಟ. ದನಿ ಒಡೆಯಿತು, ಮಾದಕ ವಸ್ತು ಅಂಟಿಕೊಂಡಿತು. 1968ರಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಶೆರ್ಮನ್, ಜೋ ಇಬ್ಬರೂ ನಲವತ್ತು ಕಾಣಲಿಲ್ಲ.

ಮಕ್ಕಳೇ, ಮನೆಗೆ ಹೋಗಿ ಮೊಬೈಲಿನಲ್ಲಿ ಆ ಹಾಡು ಹುಡುಕಿ ಕೇಳಿ. ಮೊದಲು ಕೇಳಿಸುವುದು ಫ್ರ್ಯಾಂಕಿಯ ದನಿಯಲ್ಲ. ಅರ್ಥವಿಲ್ಲದ ಸೊಲ್ಲು ಹಿಡಿದು ಶುರುಮಾಡುವ ಆ ಕೆಳದನಿ ಶೆರ್ಮನ್‌ನದು.