ದನಗಳಲ್ಲಿ ಕಂದು ಹಾಕುವ ರೋಗ



ಏಳು ತಿಂಗಳ ಗಬ್ಬದ ಹಸು ಒಂದು ಬೆಳಗ್ಗೆ ಕಂದು ಹಾಕಿರುತ್ತದೆ. ಜಾರಿ ಬಿದ್ದಿರಬೇಕು, ಇನ್ನೊಂದು ದನ ಹಾಯ್ದಿರಬೇಕು, ಇಲ್ಲವೆ ದೃಷ್ಟಿ ತಗುಲಿರಬೇಕು ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಸತ್ತ ಕರು ಹಳ್ಳದ ಪಾಲಾಗುತ್ತದೆ. ಮಾಸನ್ನು ನಾಯಿ ಎಳೆದೊಯ್ಯುತ್ತದೆ. ಹಸು ಎಂದಿನಂತೆ ಮೇಯತೊಡಗಿದಾಗ ವಿಷಯ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ರೋಗ ಹರಡಲು ಆರಂಭವಾಗುವುದೇ ಆಗ.

ಕಂದು ಹಾಕಲು ಕಾರಣಗಳು ಹಲವು. ಆದರೆ ಗಬ್ಬದ ಐದು ತಿಂಗಳು ತುಂಬಿದ ನಂತರ ಕಂದು ಹಾಕಿ, ಮಾಸು ಬೀಳದೆ ಉಳಿದರೆ, ಮೊದಲು ಸಂಶಯಪಡಬೇಕಾದುದು ಬ್ರುಸೆಲ್ಲೋಸಿಸ್ ರೋಗವನ್ನು. ಇದಕ್ಕೆ ಕಾರಣವಾದ ರೋಗಾಣುವನ್ನು 1897ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಬ್ಯಾಂಗ್ ಗುರುತಿಸಿದರು. ಸತ್ತ ಕರು, ಮಾಸು ಮತ್ತು ಯೋನಿಸ್ರಾವದಲ್ಲಿ ಈ ರೋಗಾಣುಗಳು ಅಪಾರವಾಗಿರುತ್ತವೆ. ಇವು ಸೋಕಿದ ಮೇವು ತಿಂದ, ನೀರು ಕುಡಿದ ದನಗಳಿಗೆ ರೋಗ ಅಂಟುತ್ತದೆ. ಹೋರಿಗಳಲ್ಲಿ ವೃಷಣ ಊದಿಕೊಳ್ಳಬಹುದು.

ರೋಗ ತಗುಲಿದ ಹಸು ಸಾಮಾನ್ಯವಾಗಿ ಒಮ್ಮೆ ಮಾತ್ರ ಕಂದು ಹಾಕುತ್ತದೆ. ಮುಂದೆ ದಿನ ತುಂಬಿ ಕರು ಹಾಕಲೂಬಹುದು. ಇದನ್ನು ಕಂಡು ರೈತರು ಮೋಸಹೋಗುತ್ತಾರೆ. ನೋಡಲು ಆರೋಗ್ಯವಾಗಿದ್ದರೂ ಅದು ಹಾಲಿನಲ್ಲಿಯೂ, ಪ್ರತಿ ಸಲ ಈದಾಗ ಸ್ರಾವದಲ್ಲಿಯೂ ರೋಗಾಣುಗಳನ್ನು ಹೊರಹಾಕುತ್ತಿರಬಹುದು. ಇಂಥ ಹಸುವನ್ನು ಗುಟ್ಟಾಗಿ ಸಂತೆಗೆ ಹೊಡೆದರೆ ಮತ್ತೊಬ್ಬ ರೈತನ ಕೊಟ್ಟಿಗೆಗೆ ರೋಗ ಕಳುಹಿಸಿದಂತೆಯೇ ಸರಿ.

ಈ ರೋಗ ಮನುಷ್ಯರಿಗೂ ಬರುತ್ತದೆ. ಬರಿಗೈಯಿಂದ ಕರು ಎಳೆದವರಿಗೆ, ಮಾಸು ತೆಗೆದವರಿಗೆ, ಹಸಿ ಹಾಲು ಕುಡಿದವರಿಗೆ ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲು ಮತ್ತು ಸೊಂಟದ ನೋವು ವಾರಗಟ್ಟಲೆ ಕಾಡುತ್ತವೆ. ಅಂಥವರು ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆಗ ಸರಿಯಾದ ಚಿಕಿತ್ಸೆ ದೊರೆಯುತ್ತದೆ.

ದನಗಳಲ್ಲಿ ಮಾತ್ರ ತೃಪ್ತಿಕರವಾದ ಚಿಕಿತ್ಸೆ ಇಲ್ಲ. ಆದ್ದರಿಂದ ತಡೆಗಟ್ಟುವುದೇ ದಾರಿ. ಅದಕ್ಕಾಗಿ:

1. ಕಂದು ಹಾಕಿದ ಹಸುವನ್ನು ಕೂಡಲೆ ಬೇರೆ ಕಟ್ಟಿ, ಪಶುವೈದ್ಯರನ್ನು ಕರೆಸಿ ರಕ್ತಪರೀಕ್ಷೆ ಮಾಡಿಸಬೇಕು.

2. ಸತ್ತ ಕರು, ಮಾಸು ಮತ್ತು ನೆನೆದ ಹುಲ್ಲನ್ನು ಕೈಚೀಲ ತೊಟ್ಟು ಎತ್ತಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ನೆಲವನ್ನು ಕ್ರಿಮಿನಾಶಕ ದ್ರಾವಣದಿಂದ ತೊಳೆಯಬೇಕು.

3. ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಬೇಕು.

4. ಹೊಸ ಹಸು ಕೊಳ್ಳುವ ಮೊದಲು ಪರೀಕ್ಷೆ ಮಾಡಿಸಬೇಕು.

5. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಿಸಬೇಕು. ಇದು ಜೀವಂತ ರೋಗಾಣುಗಳ ಲಸಿಕೆಯಾದ್ದರಿಂದ ಪಶುವೈದ್ಯಕೀಯ ಸಿಬ್ಬಂದಿಯೇ ಹಾಕಬೇಕು. ಗಬ್ಬದ ಹಸುಗಳಿಗೆ, ಗಂಡು ಕರುಗಳಿಗೆ ಹಾಕಿಸಬಾರದು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದೊಡನೆ ಈ ರೋಗವನ್ನೂ ಸೇರಿಸಲಾಗಿದೆ. ಲಸಿಕೆಯ ವಯಸ್ಸು ಮೀರಿದರೆ ಆ ಕರುವಿಗೆ ಅವಕಾಶ ತಪ್ಪಿದಂತೆ. ಆದುದರಿಂದ ಹೆಣ್ಣು ಕರು ಹುಟ್ಟಿದ ದಿನವನ್ನು ಬರೆದಿಡಿ, ನಾಲ್ಕು ತಿಂಗಳು ತುಂಬಿದೊಡನೆ ಹತ್ತಿರದ ಪಶುಚಿಕಿತ್ಸಾಲಯಕ್ಕೆ ತಿಳಿಸಿ.