ಪೋಕರ್ ಮೇಜಿನಲ್ಲಿ ಅಕ್ಷಹೃದಯ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ಶುಭದಿನದಲ್ಲಿ ಇಸ್ಪೀಟಿನ ಮಾತೇ ಎಂದು ಕೆಲವರು ಹುಬ್ಬೇರಿಸಿದ್ದನ್ನು ಕಂಡೆ. ಮೊದಲು ಹುಬ್ಬೇರಿದ್ದು ನನ್ನ ಶ್ರೀಮತಿಯದೇ. ಆದರೆ ಪಿಕ್‌ನಿಕ್ಕಿನಲ್ಲಿ ಬಿಸಿಬೇಳೆಭಾತ್ ಮುಗಿದೊಡನೆ ಜಮಖಾನ ಹಾಸಿ ರಮ್ಮಿಗೆ ಕೂರುವವರು ನಾವೇ ಅಲ್ಲವೇ? ನಮ್ಮ ಮಕ್ಕಳು ಕಾಲೇಜಿನಲ್ಲಿ ಆಡುವುದು ಪೋಕರ್, ಅದರಲ್ಲೂ ಟೆಕ್ಸಾಸ್ ಹೋಲ್ಡೆಮ್. ಅದೇನೆಂದು ತಿಳಿಯದೆ ಬೈಯುವುದಕ್ಕಿಂತ ತಿಳಿದು ಬೈಯುವುದು ವಾಸಿ.

ಆಟ ಸರಳ. ಒಬ್ಬೊಬ್ಬರಿಗೆ ಮುಚ್ಚಿದ ಎರಡು ಎಲೆ. ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ಮೇಲೆ ಹಂತಹಂತವಾಗಿ ತೆರೆಯುತ್ತವೆ. ನಾಲ್ಕು ಸುತ್ತು ಪಣ. ರಮ್ಮಿಯಲ್ಲಿ ಎಲೆ ಜೋಡಿಸದೆ ಗೆಲುವಿಲ್ಲ. ಇಲ್ಲಿ ಕೈಯಲ್ಲಿ ಏನೂ ಇಲ್ಲದವನೂ ದೊಡ್ಡ ಪಣ ಒಡ್ಡಿ, ಉಳಿದವರು ಹೆದರಿ ಎಲೆ ಕೆಳಗಿಟ್ಟರೆ, ಹಣ ಅವನದೇ. 2003ರಲ್ಲಿ ಲಾಸ್ ವೇಗಾಸ್‌ನ ವಿಶ್ವ ಸರಣಿಯ ಕೊನೆಯಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಒಂದು ಜೋಡಿಯೂ ಇಲ್ಲದೆ ತನ್ನ ಚಿಪ್ಪುಗಳನ್ನೆಲ್ಲ ಮುಂದಕ್ಕೆ ತಳ್ಳಿದ. ಎದುರಿಗಿದ್ದ ಪಳಗಿದ ಆಟಗಾರ ಸ್ಯಾಮಿ ಫರ್ಹಾನ ಹತ್ತಿರ ಒಂಬತ್ತರ ಜೋಡಿಯಿತ್ತು. ಬಹಳ ಹೊತ್ತು ಯೋಚಿಸಿ ಆತ ಎಲೆ ಬಿಟ್ಟ. ಮನಿಮೇಕರ್ 25 ಲಕ್ಷ ಡಾಲರ್ ಗೆದ್ದು ಮನೆಗೆ ಹೋದ.

ಇಂಥ ಕಥೆ ಕೇಳಿದವರು ಪೋಕರಿನ ಮನಃಶಾಸ್ತ್ರವೆಂದರೆ ಮುಖ ಓದುವ ವಿದ್ಯೆ ಎಂದುಕೊಳ್ಳುತ್ತಾರೆ. ಅದೂ ಇದೆ. ಮೈಕ್ ಕೇರೋ ಎಂಬವರು ಅದರ ಮೇಲೆ ಪುಸ್ತಕವನ್ನೇ ಬರೆದರು. ಅವರ ಮುಖ್ಯ ಸೂತ್ರ: ಎಲೆ ಬಲವಾಗಿದ್ದವನು ಅಸಡ್ಡೆ ನಟಿಸುತ್ತಾನೆ, ಬಲವಿಲ್ಲದವನು ಎದೆಯುಬ್ಬಿಸುತ್ತಾನೆ. ನಮ್ಮ ಮದುವೆ ಮಾತುಕತೆಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ! ಆದರೆ ಪಳಗಿದವರು ಮುಖಕ್ಕಿಂತ ಹೆಚ್ಚಾಗಿ ಎದುರಾಳಿ ಯಾವಾಗ ಎಷ್ಟು ಪಣ ಒಡ್ಡಿದನೆಂಬುದನ್ನೇ ನೋಡುತ್ತಾರೆ.

ನಿಜವಾಗಿ ಓದಬೇಕಾದದ್ದು ನಮ್ಮದೇ ಮನಸ್ಸು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಮ್ಮೆ ಕ್ಯಾಸಿನೋ ಒಂದರಲ್ಲಿ ನನಗೆ ಎರಡು ಎಕ್ಕ ಬಂದವು. 221 ಸಲಕ್ಕೊಮ್ಮೆ ಬರುವ ಕೈ. ಎದುರಿನವನದು ಎರಡು ರಾಜ. ಹಣವೆಲ್ಲ ನಡುವಿಗೆ ಹೋಯಿತು. ಕೊನೆಯ ಎಲೆಯಾಗಿ ಮೂರನೆಯ ರಾಜ ಬಿದ್ದ. ಲೆಕ್ಕದ ಪ್ರಕಾರ ಇದು ಐದಾರು ಸಲಕ್ಕೊಮ್ಮೆ ಆಗಬೇಕಾದದ್ದೇ. ನನಗೆ ಮಾತ್ರ ಅನ್ಯಾಯವೆನಿಸಿತು. ಮುಂದಿನ ಎರಡು ಗಂಟೆ ಕಳಾವರ ಏಳು, ಆಟಿನ್ ಎರಡಕ್ಕೂ ಪಣ ಕಟ್ಟಿದೆ. ಎಕ್ಕಗಳ ಮೇಲೆ ಕಳೆದುಕೊಂಡದ್ದಕ್ಕಿಂತ ಮೂರು ಪಟ್ಟು ಹೋಯಿತು. ಮನೆಗೆ ಬಂದು ಹೇಳಿದ್ದು ಅರ್ಧ ಮೊತ್ತ. ಪೂರ್ತಿ ಮೊತ್ತ ಹೊರಬಿದ್ದಾಗ ಶ್ರೀಮತಿಗೆ ನೋವಾದದ್ದು ಹಣಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ಆಟಗಾರರು ಈ ಸ್ಥಿತಿಗೆ ‘ಟಿಲ್ಟ್’ ಎನ್ನುತ್ತಾರೆ. ಪಿನ್‌ಬಾಲ್ ಯಂತ್ರವನ್ನು ಸಿಟ್ಟಿನಿಂದ ಅಲುಗಿಸಿದರೆ ಅದು ಆಟವನ್ನೇ ನಿಲ್ಲಿಸುತ್ತದೆ, ಹಾಗೆ. ಕಾನ್‌ಮನ್ ಮತ್ತು ಟ್ವರ್ಸ್ಕಿ ಎಂಬ ಮನಃಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದರು: ಗೆದ್ದ ಸಂತೋಷಕ್ಕಿಂತ ಅಷ್ಟೇ ಹಣ ಕಳೆದ ನೋವು ದೊಡ್ಡದು, ನಷ್ಟದಲ್ಲಿರುವವನು ಅದನ್ನು ಅಳಿಸಲು ಹೆಚ್ಚಿನ ಅಪಾಯಕ್ಕೆ ಕೈಹಾಕುತ್ತಾನೆ. 2017ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಲಿಬ್ರೇಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮು ನಾಲ್ವರು ವೃತ್ತಿಪರರ ಮೇಲೆ 1,20,000 ಕೈ ಆಡಿ ಗೆದ್ದಿತು. ಅದು ಯಾರ ಮುಖವನ್ನೂ ನೋಡಲಿಲ್ಲ. ಸೋತ ಕೈಯ ಸಿಟ್ಟೂ ಅದಕ್ಕಿರಲಿಲ್ಲ.

ನಮಗಾದರೋ ಹಳೆಯ ಉದಾಹರಣೆಯೇ ಇದೆ. ಧರ್ಮರಾಯ ಸಂಪತ್ತು, ತಮ್ಮಂದಿರು, ಕೊನೆಗೆ ದ್ರೌಪದಿಯನ್ನೂ ಒಡ್ಡಿದ್ದು ಟಿಲ್ಟ್ ಅಲ್ಲದೆ ಮತ್ತೇನು? ಶಕುನಿಯ ಮೋಸ ಒಂದು ಕಡೆ ಇರಲಿ. ಏಳುವುದು ತಿಳಿಯದೆ ಕೂತದ್ದು ಇವನೇ. ವನವಾಸದಲ್ಲಿ ಬೃಹದಶ್ವ ಋಷಿ ನಳನ ಕಥೆ ಹೇಳಿ, ಇವನಿಗೆ ಪಗಡೆಯ ರಹಸ್ಯ ಕಲಿಸಿದನಂತೆ. ಆ ವಿದ್ಯೆಯ ಹೆಸರೇ ಅಕ್ಷಹೃದಯ.

ನಾನೀಗ ಮನೆಯಲ್ಲಿ, ಮಗನ ಜೊತೆ, ಕಡಲೆಬೀಜ ಪಣಕ್ಕಿಟ್ಟು ಆಡುತ್ತೇನೆ. ಮೊನ್ನೆ ಅವನೆಂದ: “ಅಪ್ಪಾ, ಒಳ್ಳೆ ಎಲೆ ಬಂದರೆ ನೀನು ಕಾಫಿ ಲೋಟ ಕೆಳಗಿಡ್ತೀಯ.” ಅಂದಿನಿಂದ ಕೆಟ್ಟ ಎಲೆಗೂ ಲೋಟ ಕೆಳಗಿಡುತ್ತಿದ್ದೇನೆ. ಕಾಫಿ ಆರುತ್ತಿದೆ; ಕಡಲೆಬೀಜ ಇನ್ನೂ ಅವನ ಕಡೆಗೇ ಹೋಗುತ್ತಿದೆ.